ಹೊರೆಕಾಣಿಕೆಯ ಕಂಪ್ಯೂಟರ್

ತನುಜಾ ಕಂಪ್ಯೂಟರಿನ ಮೆಮೊರಿಯ ಕಾಲುಗಳನ್ನು ರಬ್ಬರಿನಿಂದ ಉಜ್ಜುತ್ತಿದ್ದಳು. ಶಾಲೆಯ ಮಕ್ಕಳು ಪೆನ್ಸಿಲ್ ಗೀಟು ಅಳಿಸುವ ಬಿಳಿ ರಬ್ಬರು. ಅದರ ಮೂಲೆಯಿಂದ, ಮೇಲಿನಿಂದ ಕೆಳಕ್ಕೆ ಮಾತ್ರ, ಮೂರು ಮೂರು ಸಲ. ಎರಡು ಬೆರಳಗಲದ ಹಸಿರು ಪಟ್ಟಿಯ ಅಂಚಿಗೆ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕೂತ ಚಿನ್ನದ ಬಣ್ಣದ ಕಾಲುಗಳವು. ಅಡ್ಡಡ್ಡ ಉಜ್ಜಿದರೆ ಬಣ್ಣ ಏಳುತ್ತದೆ. ಒಂದು ಬದಿ ಮುಗಿಸಿ, ಊದಿ, ಮಗುಚಿ ಇನ್ನೊಂದು ಬದಿಗೆ ಕೈಹಚ್ಚಿದಳು. ವಾಚನಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳೇನು ಮಾತಾಡುವವಳಲ್ಲ.

ಅಂಗಡಿಯಿಂದ ಬಂದು ಐದು ದಿನವೂ ಆಗದ ಹೊಸ ಮೆಮೊರಿಗೆ ಈ ಉಪಚಾರ ಯಾಕೆಂದರೆ, ಅದಕ್ಕೆ ಕುಂಕುಮ ಹತ್ತಿತ್ತು. ಬುಧವಾರ ಬೆಳಿಗ್ಗೆ ವಾಚನಾಲಯದ ಮೆಟ್ಟಿಲ ಮೇಲೆ ಅದನ್ನು ಹಿತ್ತಾಳೆ ಹರಿವಾಣದಲ್ಲಿಟ್ಟು, ಆರತಿ ಎತ್ತಿ, ಬರಮಾಡಿಕೊಂಡಿದ್ದರು. ಆಗ ಯಾರೋ ಭಕ್ತಿಯಿಂದ ಕಾಲಿಗೇ ಕುಂಕುಮ ಹಚ್ಚಿದ್ದರು. ದೇವರಿಗಾದರೂ ಕಾಲಿಗೆ ಹಚ್ಚುವುದುಂಟಲ್ಲ.

ಉಜ್ಜಿ ಮುಗಿದ ಮೇಲೆ ಅದನ್ನು ಮೇಜಿನ ಮೇಲೆ ಮಲಗಿದ್ದ ಬೋರ್ಡಿನ ಹತ್ತಿರ ಒಯ್ದಳು. ಮೆಮೊರಿ ಕೂರಬೇಕಾದ ಉದ್ದನೆಯ ಸ್ಲಾಟಿನ ಮೇಲೆ, ಒತ್ತದೆ, ಬರೀ ಅಳತೆಗೆ ಹಿಡಿದಳು. ಹಿಡಿದವಳು ಹಾಗೆಯೇ ನಿಂತಳು. ಸ್ಲಾಟಿನ ಒಳಗೆ ಎರಡು ಕಡೆ ಸಣ್ಣ ಅಡ್ಡಗಟ್ಟೆಗಳಿದ್ದವು. ಮೆಮೊರಿಯ ಅಂಚಿನಲ್ಲಿ ಕಚ್ಚು ಇದ್ದದ್ದು ಒಂದೇ ಕಡೆ. ಅದೂ ಎರಡು ಗಟ್ಟೆಗಳಲ್ಲಿ ಯಾವುದರ ನೇರಕ್ಕೂ ಬರುತ್ತಿರಲಿಲ್ಲ.

ಅವತ್ತು ಶುಕ್ರವಾರ. ಉದ್ಘಾಟನೆ ಭಾನುವಾರ.

ಹೊನ್ನೆಕೊಪ್ಪ ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ತಿರುಗಿ ಸ್ವಲ್ಪ ಒಳಗೆ ಹೋದರೆ ಸಿಗುವ ಊರು. ಎರಡು ಸಾವಿರದ ನಾಲ್ಕನೇ ಇಸವಿಯ ಹೊತ್ತಿಗೆ ದಿನಕ್ಕೆ ಎರಡು ಬಸ್ಸು, ಒಂದು ವಾಚನಾಲಯ, ಎರಡು ಕೇರಿ, ಕೇರಿಗೊಂದರಂತೆ ಎರಡು ಅಭಿಪ್ರಾಯ, ಇಷ್ಟು ಅಲ್ಲಿದ್ದವು. ಕಂಪ್ಯೂಟರ್ ಇರಲಿಲ್ಲ. ವಜ್ರಳ್ಳಿ ಕಡೆಯ ಒಂದು ಯುವಕ ಸಂಘದವರು ಕಂಪ್ಯೂಟರ್ ತಂದು ಮಕ್ಕಳಿಗೆ ಕಲಿಸುತ್ತಿದ್ದಾರೆ ಎಂಬ ಸುದ್ದಿ ಬಂದ ದಿನದಿಂದ ವಾಚನಾಲಯದ ಅಧ್ಯಕ್ಷ ಗಣಪ ಹೆಗಡೆಯವರಿಗೆ ಊಟ ಸೇರಲಿಲ್ಲ. ಅವರು ಸಭೆ ಕರೆದರು.

"ಶಿರಸಿಲಿ ವಿಚಾರಿಸ್ದೆ. ಕಂಪ್ಯೂಟರ್ ಅಂದ್ರೆ ಇಡೀ ಒಂದು ವಸ್ತು ಅಲ್ವಂತೆ. ಬಿಡಿ ಸಾಮಾನು ಒಟ್ಟು ಮಾಡಿ ಜೋಡ್ಸೂದಂತೆ. ಬಿಡಿ ಸಾಮಾನೇ ಆದ್ರೆ ನಮಗೆಂತ ಕಷ್ಟ? ಹೊರೆಕಾಣಿಕೆ ಮಾಡುವ," ಎಂದರು.

ಸಭೆ, ಇಷ್ಟು ಸುಲಭದ ದಾರಿ ತಮಗೇ ಹೊಳೆಯಲಿಲ್ಲವಲ್ಲ ಎಂದು ತಲೆಯಾಡಿಸಿತು. ಊರಿನ ದೊಡ್ಡ ಕಾರ್ಯಗಳೆಲ್ಲ ಆದದ್ದು ಹಾಗೆಯೇ. ಒಬ್ಬರ ಮನೆಯಿಂದ ಅಕ್ಕಿ, ಒಬ್ಬರ ಮನೆಯಿಂದ ಕಾಯಿ, ಒಬ್ಬರ ಮನೆಯಿಂದ ಸೌತೆಕಾಯಿ, ಬೆಲ್ಲ, ಬಾಳೆಎಲೆ. ಹೊತ್ತು ತಂದು ಒಂದು ಕಡೆ ಇಳಿಸಿದರೆ ಸಾವಿರ ಜನರ ಊಟ. ಹೊರೆಕಾಣಿಕೆಗೆ ಬರೆಯದ ನಿಯಮ ಎರಡೇ. ಬಂದದ್ದನ್ನು ಬೇಡ ಎನ್ನುವಂತಿಲ್ಲ. ಪಕ್ಕದ ಮನೆಯವರು ಯಾವ ಅಕ್ಕಿ ತಂದರು ಎಂದು ಕೇಳುವಂತಿಲ್ಲ. ಎಲ್ಲ ಒಂದೇ ಹಂಡೆಗೆ ಬೀಳುತ್ತದೆ, ಬೆಂದ ಮೇಲೆ ಎಲ್ಲ ಅನ್ನವೇ.

ಶಾಲೆಯ ಮೇಷ್ಟ್ರು ಕರಿಹಲಗೆಯ ಮೇಲೆ ಪಟ್ಟಿ ಬರೆದರು. ಮಾನಿಟರ್ ಅನ್ನು ಅವರೇ ಹೊತ್ತುಕೊಂಡರು. ಯಲ್ಲಾಪುರದಲ್ಲಿ ಅವರ ಭಾವನ ಮನೆಯಲ್ಲಿ ಒಂದು ಸುಮ್ಮನೆ ಕೂತಿತ್ತು. ಕೀಬೋರ್ಡು, ಮೌಸು ಮಹಿಳಾ ಮಂಡಳದ್ದು. ಮೇಜು ತನುಜಾಳ ಅಪ್ಪ ಕೆರಿಯಪ್ಪನದು. ಹಾರ್ಡ್ ಡಿಸ್ಕಿಗೆ ಮೇಲಿನಕೇರಿಯವರೂ ಕೆಳಗಿನಕೇರಿಯವರೂ ಒಟ್ಟಿಗೇ ಕೈಯೆತ್ತಿದರು, ಯಾಕೆಂದರೆ ಎಲ್ಲ ಉಳಿಯುವುದು ಅದರೊಳಗೇ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಯಾರನ್ನೂ ಬೇಡ ಎನ್ನುವಂತಿಲ್ಲವಾದ್ದರಿಂದ ಎರಡು ಹಾರ್ಡ್ ಡಿಸ್ಕ್ ಎಂದು ಬರೆದುಕೊಂಡರು. ಕೊನೆಯಲ್ಲಿ 'ವೈರು' ಎಂದು ಬರೆದಿದ್ದರು. ಅದರ ಎದುರು ಯಾರ ಹೆಸರೂ ಬೀಳಲಿಲ್ಲ. ಹೊರೆಕಾಣಿಕೆಗೆ ಉಪ್ಪು ಹೊತ್ತು ತಂದ ಮನೆಯನ್ನು ಯಾರಾದರೂ ಕಂಡಿದ್ದಾರೆಯೇ?

ಬೋರ್ಡನ್ನು ಹಿಡಿದವರು ಕೆಳಗಿನಕೇರಿಯ ಮಧುಕೇಶ್ವರ ಗೌಡರು. ಬನವಾಸಿಯಿಂದ ಬಂದು ಜಮೀನು ಕೊಂಡು ಶುಂಠಿ, ಅನಾನಸು ಬೆಳೆದು ಗಟ್ಟಿಯಾದವರು. ಉಳಿದದ್ದೆಲ್ಲ ಬೋರ್ಡಿನ ಮೇಲೇ ಕೂರುತ್ತದೆ ಎಂದು ಕೇಳಿದ ಮೇಲೆ ಅವರು ಬೇರೆ ಯಾವುದಕ್ಕೂ ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಅವರ ಮೈದುನನ ಸೈಬರ್ ಅಂಗಡಿ ಮುಚ್ಚಿತ್ತು. ಅಲ್ಲಿಂದ ಬೋರ್ಡನ್ನೂ ಅದರ ಪ್ರೊಸೆಸರನ್ನೂ ಪೆಟ್ಟಿಗೆ ಸಮೇತ ತಂದರು. ಹಳೆಯದಾದರೂ ಗಟ್ಟಿ ಮಾಲು.

ಮೆಮೊರಿ ಗಣಪ ಹೆಗಡೆಯವರದು. ಅವರ ಅಪ್ಪ ಐದು ತಲೆಮಾರಿನ ಗಡಿಕಲ್ಲುಗಳನ್ನು, ಊರಿನ ಎಲ್ಲರ ಜನ್ಮನಕ್ಷತ್ರಗಳನ್ನು ಬಾಯಿಯಲ್ಲೇ ಹೇಳುತ್ತಿದ್ದವರು. ಅಂಥವರ ಹೆಸರಿನಲ್ಲಿ ಕೊಡುವುದಾದರೆ ಇನ್ನೇನು ಕೊಡಬೇಕು? ಹೆಗಡೆಯವರು ಶಿರಸಿಯ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿ, ಇದ್ದದ್ದರಲ್ಲೇ ಹೊಸತು, ಇದ್ದದ್ದರಲ್ಲೇ ಒಳ್ಳೆಯದು ಕೊಡಿ ಎಂದರು. ಅಡಿಕೆ ಆರಿಸುವ ಹಾಗೆ ಅಂಗೈ ಮೇಲೆ ಇಟ್ಟು, ಬೆಳಕಿಗೆ ಹಿಡಿದು, ತೂಕ ನೋಡಿ ಒಪ್ಪಿದರು. ಯಾವ ಬೋರ್ಡಿಗೆ ಎಂದು ಅಂಗಡಿಯವನು ಕೇಳಿದ್ದಕ್ಕೆ, "ಒಳ್ಳೇದು ಯಾವ್ದಕ್ಕಾದ್ರೂ ಆಗ್ತು," ಎಂದರಂತೆ. ಗೌಡರನ್ನು ಕೇಳಿ ಬರುವ ಪ್ರಶ್ನೆಯೇ ಇರಲಿಲ್ಲ. ಹೊರೆಕಾಣಿಕೆಯಲ್ಲಿ ಕೇಳಬಾರದು ಎಂಬುದು ಒಂದು. ಇವರಿಬ್ಬರಿಗೂ ನಾಲ್ಕು ವರ್ಷದಿಂದ ಮಾತಿಲ್ಲ ಎಂಬುದು ಇನ್ನೊಂದು. ಬಸ್ ತಂಗುದಾಣ ಯಾವ ಕೇರಿಗೆ ಹತ್ತಿರ ಆಗಬೇಕು ಎಂದು ಶುರುವಾಗಿ, ತಂಗುದಾಣ ಎಲ್ಲಿಯೂ ಆಗದೆ ಮುಗಿದ ಜಗಳ ಅದು.

ತನುಜಾಳಿಗೆ ಇಪ್ಪತ್ತೊಂದು ವರ್ಷ. ಎಂಟನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು. ಹೋದ ವರ್ಷ ಶಿರಸಿಯಲ್ಲಿ ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದಿದ್ದಳು. ಆ ಕ್ಲಾಸಿನಲ್ಲಿ ಹತ್ತು ಕಂಪ್ಯೂಟರ್‌ಗಳಿದ್ದು ನಾಲ್ಕು ನಡೆಯುತ್ತಿದ್ದವು. ಪದವಿ ಓದುವ ಹುಡುಗಿಯರು ಆ ನಾಲ್ಕರ ಮುಂದೆ ಕೂತರೆ, ಕೇಳಿಕೊಳ್ಳಲು ನಾಚುವ ತನುಜಾಳಿಗೆ ಉಳಿಯುತ್ತಿದ್ದದ್ದು ನಡೆಯದ ಆರು. ಮಾಸ್ತರರು ಅವನ್ನು ಬಿಚ್ಚುವಾಗ ಟಾರ್ಚ್ ಹಿಡಿಯುವವರು ಬೇಕಿತ್ತು. ಹಾಗಾಗಿ ಉಳಿದವರೆಲ್ಲ ಬೆರಳಚ್ಚು ಕಲಿತು ಬಂದರೆ, ಅವಳು ಯಾವ ಬೋರ್ಡಿಗೆ ಯಾವ ಮೆಮೊರಿ, ಯಾವ ವೈರಿಗೆ ಯಾವ ಡಿಸ್ಕ್ ಎಂಬುದನ್ನು ನೋಡಿ ನೋಡಿಯೇ ಕಲಿತು ಬಂದಳು. ಎರಡು ಕಚ್ಚಿನದು ಹಳೆಯ ಜಾತಿ, ಒಂದು ಕಚ್ಚಿನದು ಹೊಸ ಜಾತಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಪ್ಪಿ ಕೂರಿಸಬಾರದೆಂದೇ ಕಚ್ಚು ಇಟ್ಟಿರುತ್ತಾರೆ. ಇದು ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಆದರೆ ಯಾರೂ ಕೇಳಿರಲಿಲ್ಲ.

ಕಂಪ್ಯೂಟರ್ ನಡೆದರೆ ಅದರ ಮುಂದೆ ಕೂತು ಮಕ್ಕಳಿಗೆ ಕಲಿಸುವ ಕೆಲಸ ತನುಜಾಳಿಗೆ ಎಂದು ಕಮಿಟಿ ಠರಾವು ಮಾಡಿತ್ತು. ಬೇರೆ ಯಾರೂ ಇರಲಿಲ್ಲವಾದ್ದರಿಂದ ಠರಾವಿಗೆ ವಿರೋಧವೂ ಇರಲಿಲ್ಲ. ಮನೆಯಲ್ಲಿ ಮಾತ್ರ ಬೇರೆ ಲೆಕ್ಕ. ಸಿದ್ದಾಪುರದಲ್ಲಿ ಅತ್ತೆಯ ಸೊಸೆ ಬಾಣಂತಿ; ಮನೆಗೆಲಸಕ್ಕೆ ಒಬ್ಬರು ಬೇಕು ಎಂದು ಎರಡು ಸಲ ಹೇಳಿಕಳಿಸಿದ್ದರು.

"ಯಂತ್ರ ನಡೀತು ಅಂದ್ರೆ ಇಲ್ಲೇ ಇರು. ಇಲ್ದಿದ್ರೆ ಸೋಮವಾರ ಎಂಟರ ಬಸ್ಸಿಗೆ ಸಿದ್ದಾಪುರ," ಎಂದಿದ್ದಳು ಅವ್ವ ಚೌಡಮ್ಮ. "ಆರು ತಿಂಗಳು ಅಂದಿದಾರೆ. ಆಮೇಲೆ ನೋಡುವ."

ಆರು ತಿಂಗಳಿಗೆಂದು ಸಿದ್ದಾಪುರಕ್ಕೆ ಹೋದ ಅಕ್ಕ ಎರಡು ವರ್ಷದ ಮೇಲೆ ಅಲ್ಲಿಂದಲೇ ಮದುವೆಯಾಗಿ ಹೋಗಿದ್ದಳು. ತನುಜಾಳಿಗೆ ಆ ಮನೆಯ ಹಿತ್ತಲಿನ ಪಾತ್ರೆ ತೊಳೆಯುವ ಕಲ್ಲು ಕೂಡ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವಳಿಗೆ ಬೇಕಾದದ್ದು ವಾಚನಾಲಯದ ಈ ಕುರ್ಚಿ.

ಶುಕ್ರವಾರ ಸಂಜೆ ಅವಳು ಹೆಗಡೆಯವರ ಮನೆಯ ಹಿಂಬಾಗಿಲಿಗೆ ಹೋದಳು. ಹೆಗಡೆಯವರ ಹೆಂಡತಿ ಪರಿಮಳಾ ಮಾನಿಟರಿಗೆಂದು ಹೆಣೆದ ಕ್ರೋಶಾ ಹೊದಿಕೆಗೆ ಕೊನೆಯ ಗಂಟು ಹಾಕುತ್ತಿದ್ದಳು.

"ಎಂತ ತನುಜಾ, ಇಷ್ಟೊತ್ತಿಗೆ?"

ತನುಜಾ ಕಂಬ ಹಿಡಿದು ನಿಂತು ಹೇಳಿದಳು. "ಅಮ್ಮಾ, ಹೆಗಡೇರು ತಂದ ಮೆಮೊರಿ ಆ ಬೋರ್ಡಿಗೆ ಕೂರೂದಿಲ್ಲ."

"ಕೂರೂದಿಲ್ಲ ಅಂದ್ರೆ? ಸ್ವಲ್ಪ ಒತ್ತಿದ್ರೆ?"

"ಒತ್ತಿದ್ರೆ ಮುರೀತದೆ."

"ಯಾವ್ದು ಮುರೀತದೆ? ನಮ್ದಾ, ಗೌಡ್ರದ್ದಾ?"

"ಎರಡೂ."

ಪರಿಮಳಾ ನಕ್ಕಳು. ಆಮೇಲೆ ಒಳಗೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನೋಡೇ, ಮಾವನವರ ಹೆಸ್ರಲ್ಲಿ ತಂದದ್ದು. ಶಿರಸಿಂದ ಇಲ್ಲೀವರೆಗೂ ತೊಡೆ ಮೇಲೆ ಇಟ್ಕಂಡು ಬಂದಿದಾರೆ, ಕೂಸಿನ ಹಂಗೆ. ನಾ ಹೇಳಿದ್ರೆ ನಾಳೆಯಿಂದ ನನ್ನ ಸಾರಿಗೆ ಉಪ್ಪು ಹೆಚ್ಚಾಗೂಕೆ ಶುರು ಆಗ್ತದೆ. ನೀನೇ ಹೇಳು."

"ನಾನಾ?"

"ನೀ ಹೇಳಿದ್ರೆ ಬೇಜಾರು ಮಾಡ್ಕಳೂದಿಲ್ಲ. ಯಾಕಂದ್ರೆ ನಂಬೂದೇ ಇಲ್ಲ."

ಒಳಗಿಂದ ಹೆಗಡೆಯವರ ದನಿ ಬಂತು. "ಯಾರೇ ಅದು?"

"ಯಾರೂ ಅಲ್ಲ, ಕೆರಿಯಪ್ಪನ ಮನೆ ಕೂಸು. ಹೊದಿಕೆ ಅಳತೆ ಸರಿ ಇದ್ದಾ ಹೇಳಿ ಕೇಳಲೆ ಬಂಜು," ಎಂದಳು ಪರಿಮಳಾ. ತನುಜಾ ಹೊದಿಕೆಯ ಅಳತೆ ಸರಿಯಾಗಿದೆ ಎಂದು ಹೇಳಿ ಮನೆಗೆ ಬಂದಳು.

ಶನಿವಾರ ಜೋಡಿಸಲು ಬಂದವನು ಸುಮಂತ ಭಟ್ಟ. ಹೆಗಡೆಯವರಿಗೆ ಮೆಮೊರಿ ಮಾರಿದ ಅಂಗಡಿಯ ಯಜಮಾನ ಅವನೇ. ಸಣ್ಣ ವಯಸ್ಸು, ದೊಡ್ಡ ವಿನಯ. ಅವನು ಬೈಕಿನಿಂದ ಇಳಿಯುವ ಹೊತ್ತಿಗೆ ಎರಡು ಕೇರಿಯ ದಾನಿಗಳೂ ವಾಚನಾಲಯದಲ್ಲಿ ತಮ್ಮ ತಮ್ಮ ಸಾಮಾನಿನ ಹತ್ತಿರ, ಮದುವೆಯಲ್ಲಿ ಉಡುಗೊರೆ ಕಾಯುವವರಂತೆ ಕೂತಿದ್ದರು. ಮೇಜಿನ ಈ ಕಡೆ ಹೆಗಡೆಯವರು, ಆ ಕಡೆ ಗೌಡರು.

ಸುಮಂತ ಮೊದಲು ಡಿಸ್ಕುಗಳನ್ನು ಎತ್ತಿಕೊಂಡ. ಯಾರೂ ತರದಿದ್ದ ವೈರನ್ನು ತನ್ನ ಚೀಲದಿಂದಲೇ ತೆಗೆದ. "ಒಂದೇ ವೈರಿಗೆ ಎರಡು ಡಿಸ್ಕ್ ಹಾಕೂದಾದ್ರೆ ಒಂದು ಮಾಸ್ಟರು, ಒಂದು ಸ್ಲೇವು ಮಾಡ್ಬೇಕು. ಹಿಂದೆ ಈ ಕಡ್ಡಿಗಳ ಮೇಲೆ ಸಣ್ಣ ಟೊಪ್ಪಿ ಇದ್ಯಲ್ಲ, ಅದನ್ನ ಆಚೀಚೆ ಮಾಡಿದ್ರೆ ಆಯ್ತು," ಎಂದ.

ಕೂತವರಿಗೆ ತಿಳಿಯಲೆಂದು ಮೇಷ್ಟ್ರು ಕನ್ನಡ ಮಾಡಿದರು. "ಅಂದ್ರೆ, ಒಂದು ಯಜಮಾನ, ಇನ್ನೊಂದು ಆಳು."

ಮಾಡಬಾರದಿತ್ತು.

"ಆಳು ಯಾವ ಕೇರೀದು?" ಎಂದರು ಗೌಡರು.

"ಹಂಗೆಲ್ಲ ಇಲ್ಲ ಗೌಡ್ರೆ, ಅದು ಬರೀ ಹೆಸರು," ಎಂದ ಸುಮಂತ.

"ಬರೇ ಹೆಸರಾದ್ರ ನಮ್ಮ ಕೇರೀದಕ್ಕ ಯಜಮಾನ ಅಂತ ಇಡ್ರಿ. ಬರೇ ಹೆಸರಲ್ಲೇನು."

ಹೆಗಡೆಯವರು ಗೌಡರ ಕಡೆ ನೋಡದೆ, ಮೇಷ್ಟ್ರ ಕಡೆ ತಿರುಗಿ ಹೇಳಿದರು. "ಮೇಲಿನಕೇರಿದು ನಲವತ್ತು ಜಿಬಿ. ಅವ್ರದ್ದು ಇಪ್ಪತ್ತು. ಇಪ್ಪತ್ತರ ಕೈಕೆಳಗೆ ನಲವತ್ತು ಆಳಾಗಿ ದುಡೀಬೇಕು ಅಂತ ಎಲ್ಲಾದ್ರೂ ಉಂಟಾ, ಕೇಳಿ ಅವ್ರನ್ನ."

"ನಮ್ದು ಮುಂಚೆ ಬಂದೈತಿ ಅಂತ ಹೇಳ್ರಿ ಅವರಿಗೆ," ಎಂದರು ಗೌಡರು, ಅದೇ ಮೇಷ್ಟ್ರಿಗೆ.

ಒಂದು ತಿಂಗಳು ಒಂದು ಕೇರಿಯದು, ಮರುತಿಂಗಳು ಇನ್ನೊಂದು ಕೇರಿಯದು ಯಜಮಾನಿಕೆ ಮಾಡಲಿ ಎಂಬ ಸಲಹೆಯವರೆಗೂ ಮಾತು ಹೋಯಿತು. ಪ್ರತಿ ಒಂದನೇ ತಾರೀಕು ಪೆಟ್ಟಿಗೆ ಬಿಚ್ಚುವವರು ಯಾರು ಎಂಬಲ್ಲಿ ನಿಂತಿತು. ಅಷ್ಟರಲ್ಲಿ ಕಷಾಯ ಬಂತು. ಎಲ್ಲರೂ ಲೋಟ ಹಿಡಿದು ಜಗಲಿಗೆ ಹೋದಾಗ ತನುಜಾ ಮೇಜಿನ ಹತ್ತಿರ ಬಂದಳು. ಎರಡೂ ಡಿಸ್ಕುಗಳ ಟೊಪ್ಪಿಯನ್ನು ಉಗುರಿನಿಂದ ಎಬ್ಬಿಸಿ, ಯಜಮಾನನದೂ ಅಲ್ಲದ ಆಳಿನದೂ ಅಲ್ಲದ ಮೂರನೆಯ ಕಡ್ಡಿಗೆ ಹಾಕಿದಳು. ಹಾಗೆ ಮಾಡಿದರೆ ಯಾರು ಏನು ಎಂಬುದನ್ನು ವೈರೇ ತೀರ್ಮಾನಿಸುತ್ತದೆ.

ಸುಮಂತ ಒಳಗೆ ಬಂದು ನೋಡಿದ. ಅವಳನ್ನೂ ನೋಡಿದ. "ಈಗ ಎರಡೂ ಸಮ," ಎಂದು ಜಗಲಿಗೆ ಕೇಳುವಂತೆ ಹೇಳಿದ. ಜಗಲಿ ಸಮಾಧಾನಪಟ್ಟಿತು. ವೈರಿನ ತುದಿಗೆ ಕೂತದ್ದು ಯಜಮಾನ, ನಡುವೆ ಕೂತದ್ದು ಆಳು ಎಂಬುದನ್ನು ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಪೆಟ್ಟಿಗೆ ಮುಚ್ಚಿದ ಮೇಲೆ ಯಾವುದು ಎಲ್ಲಿದೆ ಎಂದು ಯಾರಿಗೆ ಕಾಣುತ್ತದೆ?

ಡಿಸ್ಕಿನ ಜಗಳವನ್ನು ಹೀಗೆ ಬಾಯಿ ಬಿಡದೆ ಮುಗಿಸಬಹುದಿತ್ತು. ಮೆಮೊರಿಯದು ಹಾಗಲ್ಲ.

ಸುಮಂತ ಮೆಮೊರಿಯನ್ನು ಕೈಗೆತ್ತಿಕೊಂಡ. ಬೋರ್ಡನ್ನು ನೋಡಿದ. ಹೆಗಡೆಯವರನ್ನು ನೋಡಿದ, ಮೇಜಿನಾಚೆ ಗೌಡರನ್ನು ನೋಡಿದ. ಆಮೇಲೆ ಬೆನ್ನು ಅಡ್ಡ ಮಾಡಿ ಅದನ್ನು ಪೆಟ್ಟಿಗೆಯ ಒಳಗೋಡೆಗೆ ಟೇಪಿನಿಂದ ಅಂಟಿಸಿ, ಮುಚ್ಚಳ ಹಾಕಿ, ಸ್ಕ್ರೂ ಬಿಗಿದ. ಸ್ವಿಚ್ ಒತ್ತಿದ. ಫ್ಯಾನು ತಿರುಗಿತು, ಹಸಿರು ದೀಪ ಬಂತು, ಮಾನಿಟರ್ ಕಪ್ಪಗೇ ಉಳಿಯಿತು. ಒಳಗಿಂದ ಉದ್ದಕ್ಕೆ ಟೀ... ಟೀ... ಎಂದು ಕೂಗು ಬರತೊಡಗಿತು. ಮೆಮೊರಿ ಇಲ್ಲದ ಬೋರ್ಡು ಹಾಗೆಯೇ ಕೂಗುವುದು. ಇದೆ ಎಂದುಕೊಂಡು ಸುಮ್ಮನಿರಲು ಅದೇನು ಕಮಿಟಿ ಸದಸ್ಯನೇ?

"ಎಂತಾತು?" ಎಂದರು ಹೆಗಡೆ.

"ಎಂತೂ ಆಜಿಲ್ಲೆ ಹೆಗಡೇರೇ. ಸಾಮಾನೆಲ್ಲ ಸರಿ ಇದ್ದು. ವೋಲ್ಟೇಜು ಸ್ವಲ್ಪ ಕಮ್ಮಿ ಬತ್ತಾ ಇದ್ದು," ಎಂದ ಸುಮಂತ.

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಕರೆಂಟನ್ನು ಊರಿನಲ್ಲಿ ಯಾರೂ ಕಾಣಿಕೆ ಕೊಟ್ಟಿರಲಿಲ್ಲ. ಅದೊಂದನ್ನು ಧಾರಾಳವಾಗಿ ಬೈಯಬಹುದಿತ್ತು, ಎರಡು ಕೇರಿಯವರೂ ಸೇರಿ ಬೈದರು.

ಸುಮಂತ ಬೈಕಿನ ಹತ್ತಿರ ಹೋದಾಗ ತನುಜಾ ಹಿಂದೆಯೇ ಹೋಗಿ ನಿಂತಳು. ಅವನಾಗಿಯೇ ಮಾತು ತೆಗೆದ.

"ನಿಂಗೆ ಗೊತ್ತಾಗಿದೆ ಅಂತ ನಂಗೆ ಗೊತ್ತಾಯ್ತು. ಎರಡು ಕಚ್ಚಿಂದು ನನ್ನ ಹತ್ರ ಒಂದೇ ಒಂದು ಉಳಿದದೆ. ಈಗ ಅದು ಬರೂದೇ ಕಮ್ಮಿ. ಸೋಮವಾರದೊಳಗೆ ಇದನ್ನ ವಾಪಸ್ ತಂದ್ರೆ ಬದಲಿ ಕೊಡ್ತೇನೆ. ಆಮೇಲೆ ಆಗೂದಿಲ್ಲ."

"ನೀವೇ ಹೇಳಿ ಅವರಿಗೆ."

"ನಾ ಹೇಂಗೆ ಹೇಳ್ಲಿ ಮಾರಾಯ್ತಿ? ಮಾರಿದವ ನಾನು. ಹೊಸತು ಕಸ್ಕೊಂಡು ಹಳೇ ಮಾಲು ಕಟ್ಲಿಕ್ಕೆ ನೋಡ್ದ ಅಂತ ಶಿರಸಿ ತುಂಬ ಆಗ್ತದೆ. ಅವರು ಬರೂದು ಬೇಡ. ಬದಲಿ ಕೊಡಿ ಅಂತ ಒಂದು ಸಾಲು ಬರೆದ ಚೀಟಿ ಸಾಕು. ನೀನೇ ತಗೊಂಡು ಬಾ."

ಬೈಕು ಹೋಯಿತು. ಹ್ಞೂಂ ಎಂದು ತಲೆಯಾಡಿಸಿದವಳಿಗೆ, ಈ ವಿಷಯ ಗೊತ್ತಿರುವ ಮೂವರಲ್ಲಿ ಇಬ್ಬರು ಅದನ್ನು ತನ್ನ ಕೈಗೇ ಕೊಟ್ಟು ಹೋದರು ಎಂಬುದು ಮನೆ ಮುಟ್ಟಿದ ಮೇಲೆ ಹೊಳೆಯಿತು.

ಭಾನುವಾರ ಉದ್ಘಾಟನೆ ಚೆನ್ನಾಗಿಯೇ ಆಯಿತು. ಯಲ್ಲಾಪುರದಿಂದ ಒಬ್ಬ ನಿವೃತ್ತ ಮುಖ್ಯಾಧ್ಯಾಪಕರು ಬಂದಿದ್ದರು. ಚೌಡಮ್ಮ ಕಟ್ಟಿದ ಮಲ್ಲಿಗೆ ಮಾಲೆ ಮಾನಿಟರಿಗೆ ಬಿತ್ತು. ಗೋಡೆಗೆ ತೂಗುಹಾಕಿದ ಹಲಗೆಯ ಮೇಲೆ ದಾನಿಗಳ ಹೆಸರುಗಳು: ಬೋರ್ಡು, ಮಧುಕೇಶ್ವರ ಗೌಡರು; ಮೆಮೊರಿ, ದಿವಂಗತ ಶಿವರಾಮ ಹೆಗಡೆಯವರ ಹೆಸರಿನಲ್ಲಿ ಅವರ ಮಗ. ಶನಿವಾರ ರಾತ್ರಿಯೊಳಗೆ ಒಬ್ಬರು ಸ್ಟೆಬಿಲೈಸರ್ ಕೂಡ ಕಾಣಿಕೆ ಕೊಟ್ಟಿದ್ದರಿಂದ ಅದರ ಹೆಸರನ್ನು ಸಣ್ಣ ಅಕ್ಷರದಲ್ಲಿ ಕೊನೆಗೆ ಸೇರಿಸಿದ್ದರು.

ಮುಖ್ಯಾಧ್ಯಾಪಕರು ದೀಪ ಹಚ್ಚಿ, ಸ್ವಿಚ್ ಒತ್ತಿದರು. ಹಸಿರು ದೀಪ ಬಂತು. ಟೀ... ಟೀ... ಎಂದು ಕೂಗು ಎದ್ದಿತು. ಸಭೆ ಮೊದಲು ಗಂಭೀರವಾಗಿ ಕೇಳಿತು, ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿತು. ಮಹಿಳಾ ಮಂಡಳದ ಸಾಲಿನಲ್ಲಿ ಸಿದ್ದವ್ವ ಪಕ್ಕದವಳಿಗೆ ಹೇಳಿದ್ದು ತನುಜಾಳಿಗೆ ಕೇಳಿಸಿತು.

"ದನಿ ಬಂತು ನೋಡು. ಇನ್ನು ಚಿತ್ರ ಬರ್ತದೆ. ನಮ್ಮನೆ ಟಿವೀನೂ ಹಂಗೇ, ಮೊದ್ಲು ದನಿ."

ಮುಖ್ಯಾಧ್ಯಾಪಕರು ಒಂದು ಗಂಟೆ ಮಾತಾಡಿದರು. ಒಂದು ಗಂಟೆಯೂ ಕಂಪ್ಯೂಟರ್ ಹಿಂದಿನಿಂದ ಕೂಗುತ್ತಿತ್ತು. ಕೊನೆಗೆ ಮೇಷ್ಟ್ರು ಹೋಗಿ ಗೌರವದಿಂದ ಆರಿಸಿದರು.

ಊಟ ಮುಗಿದು, ಅತಿಥಿಗಳು ಹೋಗಿ, ಕಮಿಟಿಯವರು ವಾಚನಾಲಯದ ಚಾಪೆಯ ಮೇಲೆ ಎಲೆಯಡಿಕೆ ತಟ್ಟೆಯ ಸುತ್ತ ಕೂತರು. ಬಾಗಿಲ ಹತ್ತಿರ ಕೆರಿಯಪ್ಪ, ಚೌಡಮ್ಮ. ಪರಿಮಳಾ ಮಾನಿಟರಿನ ಮಾಲೆ ತೆಗೆದು ಹೊದಿಕೆ ಹೊದೆಸುತ್ತಿದ್ದಳು. ತನುಜಾ ಕಿಟಕಿಯ ಹತ್ತಿರ ನಿಂತಿದ್ದಳು.

"ಒಟ್ಟು ಚಂದ ಆಯ್ತು," ಎಂದರು ಹೆಗಡೆ. "ವೋಲ್ಟೇಜು ಸರಿಯಾಗೋವರೆಗೆ ಹಿಂಗೇ ಮುಚ್ಚಿ ಇಡುವ. ಮಕ್ಕಳ ಕೈಗೆ ಸಿಕ್ಕಿ ಹಾಳಾಗೂದು ಬೇಡ."

"ಅಲ್ಲೀವರೆಗೆ ತನುಜಾ ಬರೂದು ಬೇಡ್ವಾ?" ಎಂದು ಕೇಳಿದವನು ಕೆರಿಯಪ್ಪ.

"ಎಂತಕ್ಕೆ ಸುಮ್ನೆ? ವೋಲ್ಟೇಜು ಬಂದ ಮೇಲೆ ನೋಡುವ."

ಚೌಡಮ್ಮ ಮಗಳ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದಳು. ಬಟ್ಟೆ ಚೀಲ ತುಂಬಿಕೋ ಎಂಬ ಅರ್ಥ.

ತನುಜಾ ಏನು ಮಾಡುತ್ತಿದ್ದಾಳೆಂದು ಯಾರಿಗೂ ತಿಳಿಯುವ ಮೊದಲೇ ಅವಳು ಮೇಜಿನ ಹತ್ತಿರ ಹೋಗಿದ್ದಳು. ವೈರು ಕಳಚಿ, ನಾಲ್ಕಾಣೆಯ ಅಂಚಿನಿಂದ ಎರಡು ಸ್ಕ್ರೂ ತಿರುಗಿಸಿ, ಪೆಟ್ಟಿಗೆಯ ಬದಿ ತೆಗೆದಳು. ಟೇಪು ಬಿಡಿಸಿದಳು. ಮೆಮೊರಿ ಅವಳ ಅಂಗೈಯಲ್ಲಿತ್ತು.

"ಇದು ಬೋರ್ಡಿನ ಮೇಲೆ ಇಲ್ವೇ ಇಲ್ಲ. ಬದಿಗೆ ಅಂಟಿಸಿ ಇಟ್ಟದ್ದು," ಎಂದಳು. ದನಿ ಅಷ್ಟು ಸಣ್ಣದಾಗಿದ್ದರಿಂದ ಎಲ್ಲರೂ ಬಗ್ಗಿ ಕೇಳಬೇಕಾಯಿತು. "ಇದಕ್ಕೆ ಒಂದು ಕಚ್ಚು ಉಂಟು. ಈ ಬೋರ್ಡಿಗೆ ಎರಡು ಕಚ್ಚಿಂದೇ ಬೇಕು. ಅದಿಲ್ದೆ ಚಿತ್ರ ಬರೂದಿಲ್ಲ. ಕೂಗೂದು ಮೆಮೊರಿ ಇಲ್ಲ ಅಂತ. ವೋಲ್ಟೇಜಿಗೆ ಅಲ್ಲ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಹೆಗಡೆಯವರ ಬೆರಳು ನಿಂತಿತು. ಮಧುಕೇಶ್ವರ ಗೌಡರ ಮುಖದಲ್ಲಿ ನಗು ಮೂಡಿತು.

"ಹಂಗಾರ ನಮ್ಮ ಬೋರ್ಡ್ ಚಲೋ ಐತಿ ಅಂದಂಗಾತು. ಹೌದಿಲ್ಲೋ ಬೇ?"

ಇಲ್ಲಿ ಹೌದು ಎಂದಿದ್ದರೆ ಅವಳಿಗೆ ಅರ್ಧ ಊರಾದರೂ ಉಳಿಯುತ್ತಿತ್ತು. ಆದರೆ ಎಷ್ಟೋ ದಿನಕ್ಕೊಮ್ಮೆ ಮಾತಾಡುವವರಿಗೆ ಎಲ್ಲಿ ನಿಲ್ಲಿಸಬೇಕೆಂಬುದು ರೂಢಿಯಿರುವುದಿಲ್ಲ.

"ಬೋರ್ಡು ಹಳೇದು ಗೌಡ್ರೆ. ಅದಕ್ಕಾಗೇ ಹೊಸ ಮೆಮೊರಿ ಹಿಡಿಯೂದಿಲ್ಲ. ಎರಡೂ ಒಳ್ಳೇವೇ. ಒಂದಕ್ಕೊಂದು ಆಗೂದಿಲ್ಲ, ಅಷ್ಟೇ."

ಗೌಡರ ನಗು ಹೋಯಿತು. ಮೇಷ್ಟ್ರು ಪಟ್ಟಿ ಬರೆದವರು ತಾವಾದ್ದರಿಂದ ಗೋಡೆ ನೋಡಿದರು. ಆಮೇಲೆ, ನಾಲ್ಕು ವರ್ಷದಲ್ಲಿ ಮೊದಲ ಸಲ, ಗಣಪ ಹೆಗಡೆಯವರು ನೇರವಾಗಿ ಮಧುಕೇಶ್ವರ ಗೌಡರ ಕಡೆ ತಿರುಗಿದರು.

"ಗೌಡ್ರೆ, ನೀವೆಂತ ಹೇಳ್ತ್ರಿ? ವೋಲ್ಟೇಜೇ ಅಲ್ದಾ?"

"ವೋಲ್ಟೇಜ ರೀ ಹೆಗಡೇರ," ಎಂದರು ಗೌಡರು. "ಮತ್ತೇನೈತಿ. ನಮ್ಮ ಪಂಪ್‌ಸೆಟ್ಟೂ ಮೊನ್ನಿಂದ ಎತ್ತವಲ್ದು."

"ಅದೇ ಮತ್ತೆ. ಅಂಗಡಿ ಇಟ್ಟವನೇ ಹೇಳಿ ಹೋಗಿದಾನೆ. ಎಂಟನೇ ಕ್ಲಾಸಿಗೆ ಬಿಟ್ಟ ಕೂಸಿಗೆ ಅವನಿಗಿಂತ ಗೊತ್ತಿರ್ತದಾ?"

"ಸಣ್ಣದು, ಬಿಡ್ರಿ. ಎಲಿ ತಗೋರಿ."

ಹೆಗಡೆಯವರು ತಟ್ಟೆಯನ್ನು ಗೌಡರ ಕಡೆ ದೂಡಿದರು. ಗೌಡರು ಒಂದು ಎಲೆ ತೆಗೆದುಕೊಂಡರು. ಇದನ್ನು ಕಂಡು ಮೇಷ್ಟ್ರ ಕಣ್ಣು ಒದ್ದೆಯಾಯಿತು. ಕಂಪ್ಯೂಟರ್ ಊರನ್ನು ಒಂದು ಮಾಡುತ್ತದೆ ಎಂದು ಮುಖ್ಯಾಧ್ಯಾಪಕರು ಬೆಳಿಗ್ಗೆಯಷ್ಟೇ ಹೇಳಿದ್ದರು. ಸಂಜೆಯೊಳಗೇ ಆಗುತ್ತದೆಂದು ಯಾರು ಎಣಿಸಿದ್ದರು? ತಂಗುದಾಣದ ಮಾತೂ ಮೆಲ್ಲಗೆ ಹೊರಟಿತು. ಎರಡು ಕೇರಿಗೂ ನಡುವೆ ಮಾಡಿದರೆ ಹೇಗೆ ಎಂದು ಹೆಗಡೆಯವರು, ಆಗಲೂಬಹುದು ಎಂದು ಗೌಡರು.

ತನುಜಾ ಅಲ್ಲೇ ನಿಂತಿದ್ದಳು. ಹೊರಗೆ ಅವ್ವ ಚಪ್ಪಲಿ ಹುಡುಕುತ್ತಿದ್ದಳು. ಎಂಟರ ಬಸ್ಸು ಶಿರಸಿಗೆ ಹೋಗುತ್ತದೆ. ಸಿದ್ದಾಪುರಕ್ಕೆ ಹೋಗುವವರೂ ಅದರಲ್ಲೇ ಹೋಗಬೇಕು. ಮೇಜಿನ ಮೇಲಿದ್ದ ಹಾಜರಿ ಪುಸ್ತಕದ ಕೊನೆಯಿಂದ ಅವಳು ಒಂದು ಖಾಲಿ ಹಾಳೆ ಹರಿದಳು. ಮೇಷ್ಟ್ರ ಪೆನ್ನು ತೆಗೆದುಕೊಂಡಳು. ಎರಡನ್ನೂ ಚಾಪೆಯ ಮೇಲೆ, ಹೆಗಡೆಯವರ ಮೊಣಕಾಲಿನ ಹತ್ತಿರ ಇಟ್ಟಳು.

"ಹೆಗಡೇರೆ, ಬದಲಿ ಕೊಡಿ ಅಂತ ಒಂದು ಸಾಲು ಬರ್ದುಕೊಡಿ. ನಾಳೆ ನಾನೇ ಹೋಗಿ ತರ್ತೇನೆ."

ಹೆಗಡೆಯವರು ಗೌಡರಿಗೆ ಅಡಿಕೆ ಆರಿಸಿ ಕೊಡುತ್ತಿದ್ದರು. ಗೌಡರು ಕೈ ನೀಡಿದ್ದರು. ಪರಿಮಳಾ ಹೊದಿಕೆಯ ಅಂಚು ಸರಿಮಾಡಿದಳು. ಹಾಳೆ, ಪೆನ್ನು ಇಟ್ಟಲ್ಲೇ ಇದ್ದವು.